ಗುಡ್ಡವೇರುವ ಹ್ಯಾಮ್‌ಗೆ ಅಂಗೈಯಗಲದ ರೋಹಿತದರ್ಶಕ

ಐದು ವಾಟಿನ ಪುಟ್ಟ ರೇಡಿಯೋ ಒಂದನ್ನೂ ಒಂದು ಬ್ಯಾಟರಿಯನ್ನೂ ಒಂದು ಸುರುಳಿ ತಂತಿಯನ್ನೂ ಬೆನ್ನಚೀಲದಲ್ಲಿರಿಸಿಕೊಂಡು ಗುಡ್ಡವೇರುವ ಹವ್ಯಾಸಿ ರೇಡಿಯೋಗಾರರಿಗೆ, ಅಂದರೆ ರೂಢಿಯ ಮಾತಿನ ಹ್ಯಾಮ್‌ಗಳಿಗೆ, ಅಲ್ಲಿ ಅತ್ಯಂತ ದುರ್ಲಭವಾದ ವಸ್ತು ಕಾಲ. 7.000ದಿಂದ 7.200 ಮೆಗಾಹರ್ಟ್ಸ್‌ವರೆಗೆ ಹಬ್ಬಿರುವ ನಲವತ್ತು ಮೀಟರ್ ಪಟ್ಟಿಯಲ್ಲಿ ಯಾರು ಎಲ್ಲಿ ಮಾತನಾಡುತ್ತಿರುವರೆಂಬುದನ್ನು ಗುಂಡಿ ತಿರುವಿ ತಿರುವಿ ಹುಡುಕುವುದರಲ್ಲೇ ಅವರ ಅರ್ಧ ಹೊತ್ತು ಸವೆದುಹೋಗುತ್ತದೆ. ಏಕೆಂದರೆ ಕಿವಿಗೆ ಒಮ್ಮೆಗೆ ದೊರಕುವುದು ಮೂರು ಕಿಲೋಹರ್ಟ್ಸಿನಷ್ಟು ಅಗಲದ ಒಂದು ಕಿಂಡಿ ಮಾತ್ರ. ಇಡೀ ಪಟ್ಟಿಯನ್ನು ಏಕಕಾಲದಲ್ಲಿ ಕಣ್ಣಿಗೆ ಕಾಣಿಸುವ ರೋಹಿತದ ಪರದೆ ಐಕಾಮ್ ಐಸಿ-705ರಂಥ ಬೆಲೆಬಾಳುವ ಯಂತ್ರಗಳಲ್ಲಿ ಹುಟ್ಟಿನಿಂದಲೇ ಉಂಟು. ಯಾಯೆಸು ಎಫ್‌ಟಿ-817ರಂಥ ಹಳೆಯ ಒಡನಾಡಿಗಳಲ್ಲಿ ಇಲ್ಲ. ಈ ಕೊರತೆಯನ್ನು ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನಿಂದಲೇ ತುಂಬಿಕೊಳ್ಳುವ ವಿಧಾನವನ್ನು ಇಲ್ಲಿ ನಿರೂಪಿಸಿದೆ.

ಸಾಮಗ್ರಿ

ಮುಖ್ಯವಾಗಿ ಬೇಕಾದುದು ಆರ್‌ಟಿಎಲ್-ಎಸ್‌ಡಿಆರ್ ಎಂದು ಪ್ರಸಿದ್ಧವಾಗಿರುವ, ಪೆನ್‌ಡ್ರೈವಿಗಿಂತ ತುಸು ದೊಡ್ಡದಾದ ಡಾಂಗಲ್. ಕಂಪ್ಯೂಟರಿನಲ್ಲಿ ಡಿಜಿಟಲ್ ಟೆಲಿವಿಷನ್ ನೋಡುವುದಕ್ಕೆಂದು ನಿರ್ಮಿತವಾದ ಈ ಅಗ್ಗದ ಸಾಧನದೊಳಗಿನ ಆರ್‌ಟಿಎಲ್2832ಯು ಎಂಬ ಚಿಪ್, ತಾನು ಹಿಡಿದ ಸಂಕೇತಗಳನ್ನು ಕಚ್ಚಾ ಅಂಕಿಗಳ ರೂಪದಲ್ಲಿಯೇ ಹೊರಗೊಪ್ಪಿಸಬಲ್ಲುದೆಂಬುದು 2012ರಲ್ಲಿ ಹವ್ಯಾಸಿಗಳ ನಡುವೆ ಪ್ರಚಾರಕ್ಕೆ ಬಂದಂದಿನಿಂದ, ಅದು ಟೆಲಿವಿಷನ್ ಪ್ರೇಕ್ಷಕರನ್ನು ತೊರೆದು ರೇಡಿಯೋ ಜನರ ಕೈ ಸೇರಿದೆ. ಸಾಮಾನ್ಯ ಮಾದರಿಗಳು ಸುಮಾರು 24 ಮೆಗಾಹರ್ಟ್ಸಿನಿಂದ ಮೇಲಕ್ಕೆ ಮಾತ್ರ ಕೆಲಸ ಮಾಡುವುದರಿಂದ, ಕೊಳ್ಳುವಾಗ ಕಿರುತರಂಗಗಳನ್ನೂ ಹಿಡಿಯಬಲ್ಲ ‘ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್’ ವಿ3 ಅಥವಾ ವಿ4 ಮಾದರಿಯನ್ನೇ ಕೇಳಿ ಪಡೆಯತಕ್ಕದ್ದು. ಇವೆರಡರಲ್ಲಿ ನನ್ನ ಮತ ವಿ4ಕ್ಕೆ, ವಿ3ರಲ್ಲಿ 14.4 ಮೆಗಾಹರ್ಟ್ಸಿನ ಆಚೆಯ ಸಂಕೇತಗಳು ಈಚೆಗೆ ಮಡಚಿಕೊಂಡು ಬೀಳುವುದುಂಟಾಗಿ, ಇಪ್ಪತ್ತು ಮೀಟರ್ ಪಟ್ಟಿಯಲ್ಲಿ ಇಲ್ಲದವರು ಇರುವಂತೆ ತೋರುತ್ತಾರೆ.

ಇದರೊಡನೆ ಒಂದು ಒಟಿಜಿ ಕೇಬಲ್, ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್, ಒಂದು ಪವರ್ ಬ್ಯಾಂಕ್. ಆ್ಯಪ್‌ಗಳಲ್ಲಿ ಆರ್‌ಎಫ್ ಅನಲೈಸರ್, ಎಸ್‌ಡಿಆರ್ ಟಚ್, ಎಸ್‌ಡಿಆರ್++ ಇವು ಬಳಕೆಯಲ್ಲಿವೆ. ಕೆಲವಕ್ಕೆ ಡಾಂಗಲ್‌ನ ಡ್ರೈವರನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾಗುತ್ತದೆ, ವಿ4ಕ್ಕಂತೂ ಅದನ್ನು ಗುರುತಿಸಬಲ್ಲ ಹೊಸ ಡ್ರೈವರೇ ಬೇಕು. ಐಫೋನಿಗೆ ಈ ಡಾಂಗಲನ್ನು ನೇರವಾಗಿ ಸಿಕ್ಕಿಸಿ ಪ್ರಯೋಜನವಿಲ್ಲ. ನಡುವೆ ರಾಸ್ಪ್‌ಬೆರಿ ಪೈಯಂಥದೊಂದನ್ನಿಟ್ಟು ವೈ-ಫೈ ಮೂಲಕ ತರಿಸಿಕೊಳ್ಳಬೇಕು, ಗುಡ್ಡಕ್ಕೆ ಅದು ಅನಾವಶ್ಯಕ ಹೊರೆ.

ಮನೆಯಲ್ಲಿಯೇ ಮುಗಿಸಬೇಕಾದ ಕೆಲಸ

ಹೊರಡುವ ಹಿಂದಿನ ದಿನವೇ ಡಾಂಗಲನ್ನು ಫೋನಿಗೆ ಜೋಡಿಸಿ, ಫೋನ್ ಕೇಳುವ ಅನುಮತಿಯನ್ನು ಕೊಟ್ಟು, ಪರಿಚಿತವಾದ ಒಂದು ಎಫ್‌ಎಂ ನಿಲಯಕ್ಕೆ, ಬೆಂಗಳೂರಿನವರಾದರೆ 101.3 ಮೆಗಾಹರ್ಟ್ಸಿನ ಆಕಾಶವಾಣಿಗೆ, ಶ್ರುತಿಗೊಳಿಸಿ ನೋಡಿರಿ. ಗುಡ್ಡವಾಗಿ ಎದ್ದುನಿಂತ ಆ ಅಗಲವಾದ ಸಂಕೇತ ಕಂಡರೆ ಸರಪಳಿಯ ಎಲ್ಲ ಕೊಂಡಿಗಳೂ ಸರಿಯಾಗಿವೆಯೆಂದರ್ಥ. ಆವರ್ತಾಂಕದ ನಿಖರತೆಗೆ ಮಾತ್ರ ಈ ಪರೀಕ್ಷೆ ಸಾಲದು. ಅಗ್ಗದ ಡಾಂಗಲ್‌ಗಳ ಸ್ಫಟಿಕ ಹತ್ತು ಲಕ್ಷಕ್ಕೆ ಐವತ್ತರಷ್ಟು (50 ಪಿಪಿಎಂ) ತಪ್ಪಬಹುದು. ಈ ತಪ್ಪು 7 ಮೆಗಾಹರ್ಟ್ಸಿನಲ್ಲಿ 350 ಹರ್ಟ್ಸ್ ಆದರೆ, 145 ಮೆಗಾಹರ್ಟ್ಸಿನಲ್ಲಿ 7 ಕಿಲೋಹರ್ಟ್ಸಿಗೂ ಮೀರಿ, ಪಕ್ಕದ ಮನೆಯವರನ್ನೇ ಮಾತನಾಡಿಸಿಬಿಡುತ್ತೀರಿ. ಹಗಲು ಹೊತ್ತಿನಲ್ಲಿ 14.074ರಲ್ಲಿಯೂ ಸಂಜೆ 7.074ರಲ್ಲಿಯೂ ಪ್ರಾಯಶಃ ಬಿಡುವಿಲ್ಲದೆ ನಡೆಯುವ, ಡಿಜಿಟಲ್ ವಿಧಾನವಾದ ಎಫ್‌ಟಿ8 ಸಂಕೇತಗಳ ಗುಂಪನ್ನು ಗುರುತಾಗಿಟ್ಟುಕೊಂಡು, ಆ್ಯಪ್‌ನಲ್ಲಿರುವ ಪಿಪಿಎಂ ತಿದ್ದುಪಡಿಯನ್ನು ಮಾಡಿಕೊಳ್ಳಬಹುದು.

ಜೋಡಣೆಯ ಎಚ್ಚರ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವಿರಾದರೆ ಅದು ಇದಾಗಿರಲಿ: ರೇಡಿಯೋದ ಆಂಟೆನಾಗೆ ‘ಟಿ’ ಕನೆಕ್ಟರ್ ಹಾಕಿ ಡಾಂಗಲನ್ನು ಎಂದಿಗೂ ಸಮಾನಾಂತರವಾಗಿ ಜೋಡಿಸಬಾರದು. ಡಾಂಗಲ್ ಸಹಿಸಬಲ್ಲದ್ದು ಹೆಚ್ಚೆಂದರೆ ಹತ್ತು ಮಿಲಿವಾಟ್. ಮೈಕಿನ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಅದರ ಐನೂರು ಪಾಲು ಶಕ್ತಿ ಒಳನುಗ್ಗಿ, ಟ್ಯೂನರ್ ಚಿಪ್ ಸದ್ದಿಲ್ಲದೆ ಪ್ರಾಣಬಿಡುತ್ತದೆ. ಆದುದರಿಂದ ಡಾಂಗಲ್‌ಗೆ ಬೇರೆಯದೇ ಆದ ಐದಾರು ಮೀಟರ್ ತಂತಿಯೊಂದನ್ನು, ಮುಖ್ಯ ಆಂಟೆನಾದಿಂದ ದೂರದಲ್ಲಿ, ಅದಕ್ಕೆ ಲಂಬವಾಗಿ ಎಳೆದು ಪೊದೆಯ ಮೇಲೆ ಹಾಸುವುದು ಕ್ಷೇಮಕರ. ನಲವತ್ತು ಮೀಟರ್ ಪಟ್ಟಿಯ ಡೈಪೋಲ್ ತಾನೇ ಇಪ್ಪತ್ತು ಮೀಟರ್ ಉದ್ದವಿರುವುದರಿಂದ ಕಿರಿದಾದ ಬಯಲಿನಲ್ಲಿ ಈ ದೂರ ಸಾಕಷ್ಟು ಸಿಗದಿರಬಹುದು. ಆಗ ಡಾಂಗಲ್‌ನ ಬಾಯಿಗೆ 1ಎನ್4148 ಡಯೋಡುಗಳೆರಡನ್ನು ಒಂದಕ್ಕೊಂದು ವಿರುದ್ಧಮುಖವಾಗಿ ಅಡ್ಡಲಾಗಿ ಬೆಸುಗೆ ಹಾಕಿಕೊಂಡರೆ, ಗಾಳಿಯಲ್ಲಿ ಹಾದುಬರುವ ನಿಮ್ಮ ಸ್ವಂತ ಸಂಕೇತದ ಪೆಟ್ಟು ಬಹುಮಟ್ಟಿಗೆ ತಗ್ಗುತ್ತದೆ. ಇದು ಪೂರ್ಣ ಕವಚವಲ್ಲ. ಮಾತಾಡುವ ಮುನ್ನ ಡಾಂಗಲ್‌ನ ತಂತಿಯನ್ನು ಕಳಚುವ ಅಭ್ಯಾಸವೇ ಉತ್ತಮ.

ಅನುಭವಿಗಳು ಎಫ್‌ಟಿ-817ರ ಹೊಟ್ಟೆ ಬಗೆದು ಅದರ 68.33 ಮೆಗಾಹರ್ಟ್ಸಿನ ಮಧ್ಯಂತರ ಆವರ್ತಾಂಕದಿಂದ ತಂತಿಯೊಂದನ್ನು ಹೊರತೆಗೆಯುವುದುಂಟು. ಹಾಗೆ ಮಾಡಿದರೆ ರೇಡಿಯೋದ ಗುಂಡಿ ತಿರುಗಿದಂತೆ ಫೋನಿನ ಚಿತ್ರವೂ ಜೊತೆಗೆ ಸರಿಯುತ್ತದೆ. ಬೆಸುಗೆಯಲ್ಲಿ ಕೈ ಪಳಗದವರು ಈ ಸಾಹಸಕ್ಕೆ ಇಳಿಯದಿರುವುದು ಲೇಸು.

ಕಿಟಕಿಯ ಅಗಲ, ಗೇನಿನ ಮಿತಿ

ಹೊಸಬರು ಮಾಡುವ ಸರ್ವಸಾಮಾನ್ಯವಾದ ಪ್ರಮಾದವೆಂದರೆ ಡಾಂಗಲ್ ಕೊಡಬಲ್ಲಷ್ಟು ಅಗಲವನ್ನೂ ಫೋನಿನ ಪುಟ್ಟ ಪರದೆಯ ಮೇಲೆ ತುಂಬುವುದು. ಅಡ್ಡವಾಗಿ ಹಿಡಿದ ಫೋನಿನ ಪರದೆಯಲ್ಲಿ 2,400 ಚುಕ್ಕೆಗಳಿವೆಯೆನ್ನೋಣ, 2.4 ಮೆಗಾಹರ್ಟ್ಸನ್ನು ಅದರಲ್ಲಿ ಹರಡಿದರೆ ಒಂದು ಚುಕ್ಕೆಗೆ ಒಂದು ಕಿಲೋಹರ್ಟ್ಸ್ ಬಂದು, ಮನುಷ್ಯನ ಧ್ವನಿ ಎರಡು ಮೂರು ಚುಕ್ಕೆಗಳ ಕೂದಲೆಳೆಯಾಗಿ ಬಿಸಿಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಸ್ಯಾಂಪಲ್ ದರವನ್ನು 2,50,000ಕ್ಕೆ ಇಳಿಸಿದರೆ ಅದೇ ಧ್ವನಿ ಇಪ್ಪತ್ತೈದು ಚುಕ್ಕೆಗಳಷ್ಟು ಅಗಲವಾಗುತ್ತದೆ, ನಲವತ್ತು ಮೀಟರ್ ಪಟ್ಟಿ ಪೂರ್ತಿಯಾಗಿ ಪರದೆಯೊಳಗೇ ಉಳಿಯುತ್ತದೆ. ರೋಹಿತವನ್ನು ಲೆಕ್ಕಹಾಕುವ ಎಫ್‌ಎಫ್‌ಟಿ ಗಾತ್ರ 4096 ಇರಲಿ.

ಗೇನಿನ, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣದ, ವಿಷಯದಲ್ಲಿ ಯಂತ್ರದ ಸ್ವಯಂಚಾಲಿತ ವಿವೇಕವನ್ನು ನಂಬದೆ, ಅತ್ಯಂತ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಿ, ಪರದೆಯ ತಳದ ಗದ್ದಲದ ಗೆರೆ ಸ್ವಲ್ಪವೇ ಮೇಲಕ್ಕೆದ್ದಲ್ಲಿ ನಿಲ್ಲಿಸಬೇಕು. ಅದರಾಚೆಗೆ ಏರಿಸಿದರೆ, ಈ ಎಂಟು ಬಿಟ್ಟಿನ ಬಡ ಪರಿವರ್ತಕ ಉಬ್ಬಸಪಟ್ಟು, ಎಲ್ಲೋ ಇರುವ ಪ್ರಬಲ ಪ್ರಸಾರ ನಿಲಯದ ಭೂತಗಳನ್ನು ಪಟ್ಟಿಯುದ್ದಕ್ಕೂ ಕುಣಿಸುತ್ತದೆ.

ಚಿತ್ರವನ್ನು ಓದುವುದು

ವಾಟರ್‌ಫಾಲ್ ಎಂದು ಕರೆಯುವ, ಮೇಲಿನಿಂದ ಕೆಳಕ್ಕೆ ಹರಿಯುವ ಬಣ್ಣದ ಪಟದಲ್ಲಿ ಮೋರ್ಸ್ ಸಂಕೇತ ತುಂಡುತುಂಡಾದ ಸಣ್ಣ ನೂಲಿನಂತೆಯೂ, ಪ್ರಸಾರ ನಿಲಯ ನಡುವೆ ಉಜ್ಜ್ವಲವಾದ ಗೆರೆಯೂ ಎರಡೂ ಕಡೆ ಸಮಾನವಾದ ರೆಕ್ಕೆಗಳೂ ಉಳ್ಳದ್ದಾಗಿಯೂ ಕಾಣುತ್ತದೆ. ಸಮಾನ ಅಂತರದಲ್ಲಿ ಸಾಲಾಗಿ ನಿಂತು ಮೆಲ್ಲನೆ ತೇಲುವ ಒರಟು ಗೆರೆಗಳು ಯಾರದೋ ಚಾರ್ಜರಿನವು, ಬಹುಶಃ ನಿಮ್ಮ ಪವರ್ ಬ್ಯಾಂಕಿನವೇ. ಧ್ವನಿಯ ಸಂಕೇತಕ್ಕೆ ಒಂದು ಸೂಕ್ಷ್ಮವಿದೆ: ನಲವತ್ತು ಮೀಟರಿನಲ್ಲಿ ಕೆಳಪಕ್ಕದ ಪಟ್ಟಿಯನ್ನು ಬಳಸುವ ವಾಡಿಕೆಯಿರುವುದರಿಂದ ಕಲೆಯ ಬಲ ಅಂಚಿಗೂ, ಇಪ್ಪತ್ತು ಮೀಟರಿನಲ್ಲಿ ಎಡ ಅಂಚಿಗೂ ರೇಡಿಯೋವನ್ನು ಶ್ರುತಿಗೊಳಿಸಬೇಕು, ಕಲೆಯ ನಡುಮಧ್ಯಕ್ಕೆ ತಿರುಗಿಸಿದವರಿಗೆ ಬಾತುಕೋಳಿಯ ಭಾಷೆ ಕೇಳಿಸೀತು.

ಡಾಂಗಲ್ ಒಂದೇ ಸುಮಾರು 270 ಮಿಲಿಆಂಪಿಯರ್ ಕುಡಿಯುತ್ತದೆ, ಪರದೆಯ ಬೆಳಕು ಅದಕ್ಕೂ ಹೆಚ್ಚು. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ನೆರಳಿನಲ್ಲಿರಿಸಿ, ಪಟ್ಟಿಯನ್ನೊಮ್ಮೆ ಅವಲೋಕಿಸಿ, ಮಾತುಕತೆ ಕುದುರಿದೊಡನೆ ಆ್ಯಪನ್ನು ಮುಚ್ಚಿಬಿಡಿ.

ಪರದೆಯಲ್ಲಿ ಕಂಡವರೊಡನೆ ಮಾತನಾಡುವುದಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಹವ್ಯಾಸಿ ಪರವಾನಗಿ ಬೇಕೇ ಬೇಕು. ಹನ್ನೆರಡು ವರ್ಷ ತುಂಬಿದ ಭಾರತೀಯ ಪ್ರಜೆಗಳು ಅದರ ಪರೀಕ್ಷೆಗೆ ಕುಳಿತುಕೊಳ್ಳಬಹುದು.