ಸಾವಿನ ಮನೆ ಶುಚಿ ಮಾಡುವವರಿಗೆ ಒಂಬತ್ತು ಸೂತ್ರಗಳು

ಕೊಲೆಯಾಗಿರಬಹುದು, ಆತ್ಮಹತ್ಯೆಯಾಗಿರಬಹುದು, ಒಂಟಿಯಾಗಿದ್ದವರು ತೀರಿಕೊಂಡು ದಿನಗಟ್ಟಲೆ ಯಾರಿಗೂ ಗೊತ್ತಾಗದೆ ಹೋಗಿರಬಹುದು. ಪೊಲೀಸರು ಮಹಜರು ಮುಗಿಸುತ್ತಾರೆ, ಶವ ಶವಾಗಾರಕ್ಕೆ ಹೋಗುತ್ತದೆ, ಬೀಗದ ಕೈ ಮನೆಯವರ ಕೈ ಸೇರುತ್ತದೆ. ಒಳಗಿನ ರಕ್ತ ತೊಳೆಯುವುದು ಠಾಣೆಯ ಕೆಲಸವಲ್ಲ, ಆಸ್ಪತ್ರೆಯದೂ ಅಲ್ಲ. ಕೊನೆಗೆ ಅದು ಹೆತ್ತ ತಾಯಿಯ ಪಾಲಿಗೋ ಬರಿಗೈಯ ಕೂಲಿಯವರ ಪಾಲಿಗೋ ಬೀಳುತ್ತದೆ. ಅಮೆರಿಕ, ಜಪಾನ್‌ಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ತಂಡಗಳಿವೆ. ನಮ್ಮ ನಗರಗಳಿಗೂ ಅಂಥ ಕಸುಬುದಾರರು ಬೇಕು. ಈ ಕೆಲಸಕ್ಕೆ ಇಳಿಯುವವರು ಇವಿಷ್ಟನ್ನು ಪಾಲಿಸಲಿ.

1. ಪೊಲೀಸರ ಒಪ್ಪಿಗೆಯಿಲ್ಲದೆ ಹೊಸಿಲು ದಾಟಬೇಡಿ
ಅಸಹಜ ಸಾವಾದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 194ರಡಿ ಪೊಲೀಸ್ ವಿಚಾರಣೆ ನಡೆಯುತ್ತದೆ. ಮಹಜರು, ಫೋಟೊ, ವಿಧಿವಿಜ್ಞಾನ ತಂಡದ ಮಾದರಿ ಸಂಗ್ರಹ ಎಲ್ಲ ಮುಗಿದಿದೆಯೇ ಎಂದು ತನಿಖಾಧಿಕಾರಿಯನ್ನೇ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೆಲಸದ ನಡುವೆ ಚಾಕು, ಗುಂಡು, ಚೀಟಿ ಸಿಕ್ಕರೆ ಮುಟ್ಟದೆ ಠಾಣೆಗೆ ತಿಳಿಸಿ.

2. ಮೊದಲು ನಿಮ್ಮ ಮೈ ಕಾಪಾಡಿಕೊಳ್ಳಿ
ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಏಳು ದಿನ ಉಳಿಯಬಲ್ಲದು. ಆರು ತಿಂಗಳ ಅವಧಿಯಲ್ಲಿ ಅದರ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಎರಡು ಪದರ ಗ್ಲೌಸು, ಎನ್95 ಮಾಸ್ಕು, ಕನ್ನಡಕ, ಗಂಬೂಟು, ಮೈ ಪೂರ್ತಿ ಮುಚ್ಚುವ ಕವಚ ಕಡ್ಡಾಯ. ಸೂಜಿಯೋ ಗಾಜೋ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು.

3. ಪೊರಕೆ ಬೇಡ, ಫ್ಯಾನೂ ಬೇಡ
ಒಣಗಿದ ರಕ್ತ ಗುಡಿಸಿದರೆ ಪುಡಿಯಾಗಿ ಗಾಳಿಗೇಳುತ್ತದೆ. ಅದನ್ನು ಸೋಂಕುನಾಶಕದಲ್ಲಿ ನೆನೆಸಿ, ಹೀರುವ ಬಟ್ಟೆ ಅಥವಾ ಕಾಗದದಿಂದ ಎತ್ತಿ. ಬಿಸಿನೀರು ಹಾಕಬೇಡಿ, ಶಾಖಕ್ಕೆ ರಕ್ತದ ಪ್ರೋಟೀನು ಗಟ್ಟಿಯಾಗಿ ಕಲೆ ಕಚ್ಚಿಕೊಳ್ಳುತ್ತದೆ. ತಣ್ಣೀರೇ ಸರಿ.

4. ಕೊಳೆ ತೆಗೆದ ಮೇಲೆ ಮತ್ತೆ ಸೋಂಕುನಾಶಕ
ರಕ್ತದ ಮೇಲೆ ಸುರಿದ ಕ್ಲೋರಿನ್ನಿನ ಶಕ್ತಿ ಬಹುಪಾಲು ಆ ಕೊಳೆಯಲ್ಲೇ ಕರಗಿಹೋಗುತ್ತದೆ. ಹಾಗಾಗಿ ಕೊಳೆ ಎತ್ತಿ, ಸೋಪು ನೀರಿನಲ್ಲಿ ಒರೆಸಿ, ಆಮೇಲೆ ಶೇ 1ರ ಹೈಪೋಕ್ಲೋರೈಟ್ ಹಾಕಿ ಕನಿಷ್ಠ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ತಂದಿರುವುದು ಶೇ 5ರ ದ್ರಾವಣವಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ದಿನವೂ ಹೊಸದಾಗಿ ಬೆರೆಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಅದನ್ನು ಎಂದೂ ಸೇರಿಸಬೇಡಿ. ಹೊಮ್ಮುವ ಕ್ಲೋರಿನ್ ಅನಿಲ ಜೀವ ತೆಗೆಯಬಲ್ಲದು.

5. ಕಲೆ ಕಂಡಷ್ಟೇ ಎಂದು ನಂಬಬೇಡಿ
ಹಾಸಿಗೆಯ ಮೇಲೆ ಅಂಗೈಯಗಲ ಕಾಣುವ ಕಲೆ ಒಳಗಿನ ಹತ್ತಿಯಲ್ಲಿ ಎಷ್ಟೋ ಪಟ್ಟು ಹರಡಿರುತ್ತದೆ. ಟೈಲ್ಸ್ ಸಂದು, ಮಂಚದ ಕೀಲು, ಗೋಡೆಯಡಿ ಎಲ್ಲ ನೋಡಿ. ಹಳೆ ಮನೆಯ ಕಾವಿ ನೆಲದಲ್ಲಿ ರಕ್ತ ಕಣ್ಣಿಗೇ ಬೀಳುವುದಿಲ್ಲ. ಹೈಪೋಕ್ಲೋರೈಟ್ ಹಾಕುವ ಮೊದಲು ಅನುಮಾನವಿದ್ದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಒಂದೆರಡು ಹನಿ ಬಿಡಿ: ಬುಸಬುಸನೆ ಬಿಳಿ ನೊರೆ ಎದ್ದರೆ ಇನ್ನೂ ರಕ್ತವಿರುವ ಸಾಧ್ಯತೆ ಹೆಚ್ಚು. ವಾಸನೆಗೆ ಊದುಬತ್ತಿ ಮದ್ದಲ್ಲ. ದ್ರವ ಹೀರಿದ ಹಾಸಿಗೆ, ಮರ, ಗಾರೆ ತೆಗೆಯುವವರೆಗೂ ಅದು ಹೋಗದು.

6. ತ್ಯಾಜ್ಯವನ್ನು ಕಸದ ಗಾಡಿಗೆ ಎಸೆಯಬೇಡಿ
ಬಯೋಮೆಡಿಕಲ್ ತ್ಯಾಜ್ಯ ನಿಯಮಗಳು 2016ರ ಬಣ್ಣಗಳನ್ನೇ ಅನುಸರಿಸಿ. ರಕ್ತ ತಾಗಿದ ಬಟ್ಟೆ, ಹಾಸಿಗೆ ಹಳದಿ ಚೀಲಕ್ಕೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಸಂಸ್ಕರಣಾ ಘಟಕದ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ನೀವು ಎಸೆದದ್ದು ನಾಳೆ ಒಬ್ಬ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

7. ಲೆಕ್ಕ ಕನ್ನಡಿಯಂತಿರಲಿ
ದರವನ್ನು ಮೊದಲೇ ಬರೆದುಕೊಡಿ. ದುಃಖದಲ್ಲಿರುವವರು ಚೌಕಾಸಿ ಮಾಡುವುದಿಲ್ಲ, ಅದನ್ನು ಲಾಭವಾಗಿಸಿಕೊಳ್ಳಬೇಡಿ. ಒಡವೆ, ನಗದು, ಮೊಬೈಲು, ಮನೆಯ ಕಾಗದಪತ್ರ ಸಿಕ್ಕರೆ ಇಬ್ಬರ ಎದುರು ಪಟ್ಟಿ ಮಾಡಿ ಸಹಿ ಪಡೆದು ಒಪ್ಪಿಸಿ. ಎಸೆಯುವ ಪ್ರತಿ ವಸ್ತುವಿಗೂ ಮನೆಯವರ ಒಪ್ಪಿಗೆ ಬೇಕು.

8. ಮಾತು ಕಡಿಮೆ, ಮರ್ಯಾದೆ ಹೆಚ್ಚು
ಹೇಗಾಯಿತು, ಯಾಕಾಯಿತು ಎಂದು ಕೇಳಬೇಡಿ. ಒಳಗಿನ ಫೋಟೊ ಯಾವ ಗ್ರೂಪಿಗೂ ಹೋಗಕೂಡದು. ಅಕ್ಕಪಕ್ಕದವರು ವಿಚಾರಿಸಿದರೆ "ಮನೆಯವರನ್ನೇ ಕೇಳಿ" ಎಂದಷ್ಟೇ ಹೇಳಿ. ದೀಪ ಇಡಬೇಕಾದ ಜಾಗ ಯಾವುದು, ತಿಥಿ ಯಾವತ್ತು ಎಂದು ತಿಳಿದುಕೊಂಡು ಅಷ್ಟರೊಳಗೆ ಮುಗಿಸಿಕೊಡಿ.

9. ತಂಡದವರ ಮನಸ್ಸನ್ನೂ ನೋಡಿಕೊಳ್ಳಿ
ಮಗುವಿನ ಚಪ್ಪಲಿ, ಅರ್ಧ ಬರೆದ ನೋಟ್‌ಬುಕ್ಕು ಕಂಡಾಗ ಗಟ್ಟಿಗರೂ ಕುಸಿಯುತ್ತಾರೆ. ಒಬ್ಬರನ್ನೇ ಎಂದೂ ಕಳಿಸಬೇಡಿ. ನಿದ್ದೆ ಕೆಟ್ಟವರಿಗೆ ರಜೆ ಕೊಡಿ, 14416ರ ಟೆಲಿ ಮಾನಸ್ ಸಹಾಯವಾಣಿಯ ನಂಬರು ಎಲ್ಲರ ಬಳಿಯೂ ಇರಲಿ. ಲಸಿಕೆ, ವಿಮೆ, ನ್ಯಾಯವಾದ ಕೂಲಿ ಮಾಲೀಕರ ಹೊಣೆ.

ಈ ಕಸುಬಿನಲ್ಲಿ ಗೆಲುವನ್ನು ಅಳೆಯುವುದು ಒಂದೇ ರೀತಿಯಲ್ಲಿ: ಮನೆಯವರು ಆ ಕೋಣೆಗೆ ಮರಳಿ ಕಾಲಿಡಬೇಕು, ಕಾಯಿಲೆಯ ಭಯವಿಲ್ಲದೆ ಅಲ್ಲಿ ಬದುಕಬೇಕು. ತನ್ನ ಮಗನ ರಕ್ತವನ್ನು ತಾಯಿಯೇ ಒರೆಸುವ ಗತಿ ಯಾರಿಗೂ ಬರಬಾರದು. ಅದನ್ನು ತಪ್ಪಿಸುವ ಕೆಲಸಕ್ಕೆ ನಾಚಬೇಡಿ. ಸರಿಯಾಗಿ ಕಲಿತು ಮಾಡಿ.