ನಗಾರಖಾನೆಯಲ್ಲಿ ಒಂದು ಊರಿನ ಲೆಕ್ಕ

ಊರೊಂದು ಒಂದೇ ಜಾಗದಲ್ಲಿ ನೂರಾರು ವರ್ಷ ಬಾಳಿದರೆ ಅದರ ನೆಲ ಪದರಪದರವಾಗಿ ಬೆಳೆಯುತ್ತದೆ. ಆ ಪದರಗಳನ್ನು ಬಿಡಿಸಿ ಓದುವುದೇ ನಗರ ಪುರಾತತ್ವ. ಏಥೆನ್ಸ್‌ನಲ್ಲಿ ಮೆಟ್ರೊಗಾಗಿ ಅಗೆದಾಗ ಕಂಡ ಪದರಗಳನ್ನು ಸಿಂಟಾಗ್ಮಾ ನಿಲ್ದಾಣದಲ್ಲೇ ಗಾಜಿನ ಹಿಂದೆ ತೋರಿಸಿದ್ದಾರೆ. ನಮಗೆ ಅಷ್ಟು ದೂರ ಬೇಡ, ವಿಜಯಪುರ ಸಾಕು.

ಗೋಳಗುಮ್ಮಟದ ಮುಂದೆ ನಗಾರಿ ಬಾರಿಸಲು ಕಟ್ಟಿದ ನಗಾರಖಾನೆ ಇದೆ. 1892ರಲ್ಲಿ ಅಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯ ಶುರುವಾಯಿತು. 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಅದನ್ನು ವಹಿಸಿಕೊಂಡಿತು. ಗುಮ್ಮಟದ ಪ್ರತಿಧ್ವನಿ ಕೇಳುವ ಅವಸರದಲ್ಲಿ ಬಹಳ ಮಂದಿ ಇದನ್ನು ದಾಟಿಯೇ ಹೋಗುತ್ತಾರೆ. ಒಳಗೆ ಜೈನ ಮೂರ್ತಿಗಳು, ವೀರಗಲ್ಲುಗಳು, ಕನ್ನಡ ಮತ್ತು ಸಂಸ್ಕೃತ ಶಾಸನಗಳಿವೆ. ಅವುಗಳ ಜೊತೆಗೇ ಅರಬ್ಬಿ, ಫಾರ್ಸಿ ಶಾಸನಗಳು, ಫರ್ಮಾನುಗಳು, ಬಿದರಿ ಪಾತ್ರೆ, ಚೀನಾದ ಪಿಂಗಾಣಿ. ಮನೆಯಲ್ಲಿ ಉರ್ದು ಮಾತಾಡುವ ನಾನು ಫಾರ್ಸಿ ಕಲ್ಲಿನ ಅಕ್ಷರಗಳನ್ನು ಕೂಡಿಸಿ ಓದಬಲ್ಲೆ, ಅರ್ಥ ಹತ್ತುವುದಿಲ್ಲ. ಹಳಗನ್ನಡದ ಕಲ್ಲಿನ ಮುಂದೆ ಕನ್ನಡ ಮನೆಯ ಗೆಳೆಯರದೂ ಅದೇ ಗತಿ.

ಹೊರಗಿನ ಊರೂ ಇದೇ ಕಥೆ ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಇದು ವಿಜಯಪುರ. ಒಳಕೋಟೆಯಲ್ಲಿ 1320ರ ಕರೀಮುದ್ದೀನ್ ಮಸೀದಿ ಇದೆ. ಅದರ ಕಂಬಗಳು ಹಳೆಯ ದೇಗುಲಗಳವು. 1490ರ ಹೊತ್ತಿಗೆ ಆದಿಲ್‌ಶಾಹಿಗಳು ಬಂದರು. ನಮ್ಮ ಮುಧೋಳದ ಘೋರ್ಪಡೆ ಮನೆತನ ಅವರ ಸೇವೆಯಲ್ಲಿತ್ತು. 1686ರಲ್ಲಿ ಊರು ಔರಂಗಜೇಬನ ವಶವಾಯಿತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದು ಹಳೆಯ ಅರಮನೆಗಳಲ್ಲೇ ಕಚೇರಿ ಹೂಡಿದರು.

ಕಾಮರ್ಸ್ ಓದುವವರಿಗೆ ಇದು ಬೇಗ ತಿಳಿಯುತ್ತದೆ. ಹೋದ ವರ್ಷದ ಅಂತಿಮ ಶಿಲ್ಕೇ ಈ ವರ್ಷದ ಪ್ರಾರಂಭಿಕ ಶಿಲ್ಕು. ಯಾವ ರಾಜನೂ ಸೊನ್ನೆಯಿಂದ ಪುಸ್ತಕ ತೆರೆಯಲಿಲ್ಲ. ಹಿಂದಿನವರ ಕಂಬ, ಕಲ್ಲು, ಗೋಡೆ ಎಲ್ಲವನ್ನೂ ಮುಂದಕ್ಕೆ ತಂದುಕೊಂಡೇ ಕಟ್ಟಿದರು. ಒಂದು ಪದರ ಮಾತ್ರ ನಮ್ಮದು, ಉಳಿದದ್ದು ಬೇರೆಯವರದು ಎನ್ನುವವರು ಎಲ್ಲ ಕಡೆ ಇದ್ದಾರೆ. ಅಂಥ ಲೆಕ್ಕ ತಾಳೆಯಾಗುವುದಿಲ್ಲ.

ಪದರಗಳು ನೆಲದಲ್ಲಷ್ಟೇ ಅಲ್ಲ, ಮಾತಿನಲ್ಲೂ ಇವೆ. ಒಂದನೆಯ ಇಬ್ರಾಹಿಂ ಆದಿಲ್‌ಶಾಹ (1534–58) ಸರಕಾರಿ ಲೆಕ್ಕಪತ್ರವನ್ನು ಫಾರ್ಸಿಯ ಬದಲು ಇಲ್ಲಿನ ಭಾಷೆಯಲ್ಲಿ ಬರೆಸಿದನೆಂದು ವಿಜಯಪುರದಲ್ಲೇ ಇದ್ದ ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. ಭಾಷೆ ಬದಲಾದರೂ ಪದಗಳು ಉಳಿದವು: ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ. ಇವೆಲ್ಲ ಅರಬ್ಬಿ, ಫಾರ್ಸಿಯಿಂದ ಬಂದವು. ಅಮ್ಮಿ ಕಿರಾಣಿ ಅಂಗಡಿಯ ಚೀಟಿ ನೋಡುತ್ತ ಉರ್ದುವಿನಲ್ಲಿ ಆಡುವುದೂ ಇವನ್ನೇ, ಬನಹಟ್ಟಿಯ ಸೀರೆ ಅಂಗಡಿಯವರು ಕನ್ನಡದಲ್ಲಿ ಬರೆಯುವುದೂ ಇವನ್ನೇ.