ಬೆಲ್ಲ ಕೊಳ್ಳುವವರ ಇಷ್ಟವನ್ನು ಪ್ರಯೋಗದಿಂದ ತಿಳಿಯಿರಿ

ಹೊಸ ತಳಿಯ ಬೀಜ ಬಂದಾಗ ನೀವು ಅದನ್ನು ಒಮ್ಮೆಲೇ ಹೊಲಕ್ಕೆಲ್ಲ ಬಿತ್ತುವುದಿಲ್ಲ. ಮೊದಲು ಎರಡು ಗುಂಟೆಯಲ್ಲಿ ಹಾಕಿ, ಪಕ್ಕದಲ್ಲಿ ಹಳೆಯ ತಳಿಯನ್ನೂ ಬೆಳೆದು ಹೋಲಿಸುತ್ತೀರಿ. ಆಲೆಮನೆಯಲ್ಲಿ ಹೊಸ ಬಗೆಯ ಬೆಲ್ಲ ತಯಾರಿಸುವಾಗಲೂ ಇದೇ ಕ್ರಮ ಅಗತ್ಯ.

ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಕಾಣುತ್ತದೆ. ಆದರೆ ದಾಸ್ತಾನಿನಲ್ಲಿ ಆ ಬಣ್ಣ ನಿಲ್ಲುವುದಿಲ್ಲ. ಬೆಲ್ಲದಲ್ಲಿ ಗಂಧಕದ ಅಂಶವೂ ಉಳಿಯುತ್ತದೆ. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆದು ಕಾಯಿಸಿದ ಬೆಲ್ಲ ಕಂದು ಬಣ್ಣದ್ದು. ಇದನ್ನು ಜನ ಕೊಳ್ಳುವರೇ? ಅವರಿಗೆ ಅಚ್ಚು ಬೇಕೋ, ಪುಡಿ ಬೇಕೋ? ಇದನ್ನು ತಿಳಿಯದೆ ಹಂಗಾಮಿನ ಕಬ್ಬನ್ನೆಲ್ಲ ಗಾಣಕ್ಕೆ ಹಾಕಿದರೆ, ಮಾರಾಟವಾಗದ ಬೆಲ್ಲ ಮಳೆಗಾಲದ ತೇವಕ್ಕೆ ಕೆಟ್ಟು ಸಾಲ ಮಾತ್ರ ಉಳಿದೀತು.

"ಚೆನ್ನಾಗಿದೆಯೇ?" ಎಂದು ಕೇಳಿದರೆ ಸಾಲದು. ದಾಕ್ಷಿಣ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಹಣ ಕೊಟ್ಟು ಕೊಳ್ಳುವುದು, ಮತ್ತೆ ಬಂದು ಕೊಳ್ಳುವುದು, ಇದೇ ನಿಜವಾದ ಉತ್ತರ.

ಪ್ರಯೋಗದ ವಿಧಾನ:

1. ಒಂದೇ ಹೊಲದ ಕಬ್ಬಿನಿಂದ, ಹೈಡ್ರೋಸ್ ಬಳಸದೆ, ಎರಡು ಕೊಪ್ಪರಿಗೆ ಬೆಲ್ಲ ತಯಾರಿಸಿರಿ. ಅಚ್ಚಿಗೆ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ, ಪುಡಿಗೆ 120ರಿಂದ 122 ಡಿಗ್ರಿಗೆ ಇಳಿಸಿರಿ.

2. ತೂಕ, ಚೀಲ, ಬೆಲೆ ಎರಡಕ್ಕೂ ಒಂದೇ ಇರಲಿ. ಒಂದು ಸಲಕ್ಕೆ ಒಂದೇ ವ್ಯತ್ಯಾಸ. ಬೆಲೆಯನ್ನು ಪರೀಕ್ಷಿಸುವುದು ಮುಂದಿನ ಹಂತ.

3. ಕನಿಷ್ಠ ಎರಡು ಅಂಗಡಿಗಳಲ್ಲಿ ಆರು ವಾರ ಮಾರಿಸಿರಿ. ಮುಂದಿಟ್ಟದ್ದು ಬೇಗ ಖರ್ಚಾಗುವುದರಿಂದ ವಾರಕ್ಕೊಮ್ಮೆ ಜಾಗ ಅದಲು ಬದಲು ಮಾಡಿರಿ. ಹಬ್ಬದ ವಾರದ ಲೆಕ್ಕ ಬೇರೆ ಇಡಿರಿ.

4. ಇಟ್ಟದ್ದು, ಮಾರಿದ್ದು, ಮತ್ತೆ ಬಂದು ಕೊಂಡವರ ಸಂಖ್ಯೆ ಇವನ್ನು ಬರೆಸಿರಿ. ಅದೇ ಅಂಗಡಿಯ ಹಳದಿ ಬೆಲ್ಲದ ಮಾರಾಟವನ್ನೂ ಬರೆಸಿರಿ. ಅದೇ ನಿಮ್ಮ ಹೋಲಿಕೆಯ ತಾಕು.

ಲೆಕ್ಕ ನೋಡುವಾಗ ಅವಸರ ಬೇಡ. ಉದಾಹರಣೆಗೆ, ಅಚ್ಚು 30 ಚೀಲ, ಪುಡಿ 22 ಚೀಲ ಮಾರಿದುವೆನ್ನೋಣ. ಅಚ್ಚು ಕೊಂಡವರಲ್ಲಿ 6 ಜನ, ಪುಡಿ ಕೊಂಡವರಲ್ಲಿ 12 ಜನ ಮತ್ತೆ ಬಂದಿದ್ದರೆ, ಪುಡಿಯನ್ನು ಕೈಬಿಡಬಾರದು. ಹೊಸತೆಂದು ಮೊದಲಿಗೆ ಹಿಂಜರಿದರೂ ಬಳಸಿದವರು ಒಪ್ಪಿದ್ದಾರೆ. ಆದರೆ ಪುಡಿ ಮಾಡಲು, ಜರಡಿ ಹಿಡಿಯಲು, ಒಣಗಿಸಲು ತಗಲುವ ಹೆಚ್ಚಿನ ಕೂಲಿ ಮತ್ತು ಉರುವಲನ್ನು ಕಳೆದ ಮೇಲೆಯೇ ಲಾಭವನ್ನು ಎಣಿಸಿರಿ.

ಫಲ ಚೆನ್ನಾಗಿದ್ದರೂ ಮುಂದಿನ ಹಂಗಾಮಿನಲ್ಲಿ ಕಾಲು ಭಾಗದ ಕಬ್ಬಿಗೆ ಮಾತ್ರ ವಿಸ್ತರಿಸಿರಿ. ಫಲ ಚೆನ್ನಾಗಿಲ್ಲದಿದ್ದರೆ ನಷ್ಟವಾಗುವುದು ಎರಡು ಕೊಪ್ಪರಿಗೆಯ ಖರ್ಚು ಮಾತ್ರ, ವರ್ಷದ ಬೆಳೆಯಲ್ಲ.